ಖಾಲಿ ಪಾತ್ರೆ ಕೊಡ್ಲಾಗ

"ನೀವು ರಸಾಯನಶಾಸ್ತ್ರದವರು, ಒಂದು ವಿಜ್ಞಾನ ಲೇಖನ ಕೊಡಿ" ಎಂದು ನಮ್ಮ ಸಂಪಾದಕರು ಮೂರು ಸಂಚಿಕೆಗಳಿಂದ ಕೇಳುತ್ತಿದ್ದಾರೆ. ಬರೆಯೋಣವೆಂದು ಕುಳಿತರೆ ನೆನಪಿಗೆ ಬರುವುದು ಆ ಶಾಸ್ತ್ರದಲ್ಲಿ ನನ್ನ ಮೊದಲ ಗುರು, ನಮ್ಮ ಅಮ್ಮಮ್ಮ. ಆಕೆ ಓದಿದ್ದು ಮೂರನೇ ತರಗತಿ.

ಅಮ್ಮಮ್ಮ ಮದುವೆಯಾಗಿ ಬಂದ ಮನೆ ಸಾಗರ ತಾಲ್ಲೂಕಿನಲ್ಲಿ, ಶರಾವತಿಯ ದಂಡೆಯ ಮೇಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ಅಡಿಕೆ ತೋಟ, ಹೊಳೆಯಂಚಿನ ಅಪ್ಪೆಮಾವಿನ ಮರ ಎಲ್ಲವೂ ನೀರಿನಡಿ ಸೇರಿದವು. ಲಾರಿಯಲ್ಲಿ ಆಕೆ ಮಡಿಲಲ್ಲಿಟ್ಟುಕೊಂಡು ಬಂದದ್ದು ಆ ಮರದ ಕೊನೆಯ ಮಿಡಿಗಳ ಒಂದು ಜಾಡಿ. ಹೊಸ ಊರಿನಲ್ಲಿ ಗುರುತಿನವರಿಲ್ಲ. ಪಕ್ಕದ ಮನೆಯವರು ಒಂದು ತಂಬಿಗೆ ಮಜ್ಜಿಗೆ ಕಳಿಸಿದರಂತೆ. ಅಮ್ಮಮ್ಮ ತಂಬಿಗೆ ತೊಳೆದು, ನಾಲ್ಕು ಮಿಡಿ ಹಾಕಿ ವಾಪಸು ಕಳಿಸಿದಳು. "ಆ ಮಿಡಿ ಇನ್ನೆಲ್ಲಿ ಸಿಗ್ತು?" ಎಂದು ಅಜ್ಜ ಸಿಟ್ಟಾದರೆ, "ಖಾಲಿ ಪಾತ್ರೆ ಕೊಡ್ಲಾಗ" ಎಂದಳಂತೆ. ವರ್ಷದೊಳಗೆ ಜಾಡಿ ಬರಿದಾಯಿತು. ಅಷ್ಟರಲ್ಲಿ ಊರೆಲ್ಲ ನೆಂಟರಾಗಿದ್ದರು.

ಬೇಸಿಗೆ ರಜೆಯಲ್ಲಿ ಉಪ್ಪಿನಕಾಯಿ ಹಾಕುವಾಗ ನಾನೇ ಆಕೆಯ ಸಹಾಯಕ. ತೊಟ್ಟು ಮುರಿಯಬಾರದು, ಪರಿಮಳವೆಲ್ಲ ಸೊನೆಯಲ್ಲಿದೆ. ಕಲ್ಲುಪ್ಪಿನಲ್ಲಿ ಮಿಡಿ ಚಿರುಟಿ ತನ್ನ ನೀರು ತಾನೇ ಬಿಡಬೇಕು. ಆ ನೀರಿನಲ್ಲೇ ಸಾಸಿವೆ, ಮೆಣಸು ಅರೆಯಬೇಕು. ಒದ್ದೆ ಕೈಯವರನ್ನು ಜಾಡಿಯ ಹತ್ತಿರ ಸೇರಿಸುತ್ತಿರಲಿಲ್ಲ. ಮುಂದೆ ಟರ್ಪೀನ್, ಆಸ್ಮಾಸಿಸ್ ಎಂಬ ಹೆಸರುಗಳನ್ನು ಕಲಿತೆನೇ ಹೊರತು ಹೊಸದೇನೂ ಕಲಿಯಲಿಲ್ಲ ಅನ್ನಿಸುತ್ತದೆ.

ಆಕೆಯ ಊರನ್ನು ಮುಳುಗಿಸಿ ಬಂದ ವಿದ್ಯುತ್ತಿನ ದೀಪದಡಿಯಲ್ಲೇ ನಾನು ಓದಿದ್ದು. ಡಾಕ್ಟರೇಟ್ ಬಂದಾಗ ಇದನ್ನು ಹೇಳಿದೆ. "ದೀಪ ಹತ್ತಿದ್ದು ಒಳ್ಳೇದೇ ಆತು ಮಾಣಿ" ಎಂದು ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ, "ಆ ಮರದ ಮಿಡಿ ಮಾತ್ರ ಬೇರೇನೇ" ಎಂದಳು. ಮುಳುಗಡೆಯ ಬಗ್ಗೆ ಆಕೆಯ ಬಾಯಿಂದ ನಾನು ಕೇಳಿದ ದೂರು ಅದೊಂದೇ.

2021ರ ಮೇ ತಿಂಗಳಲ್ಲಿ ಅಮ್ಮಮ್ಮ ತೀರಿಕೊಂಡಳು. ಕೋವಿಡ್ ಕಾಲ, ಹೋಗಲಾಗಲಿಲ್ಲ. ಇಲ್ಲಿ ಸ್ಲೈಗೋದಲ್ಲಿ ನಮ್ಮ ಅಡಿಗೆಮನೆಯ ಕಿಟಕಿಯಿಂದ ಬೆನ್‌ಬುಲ್ಬೆನ್ ಬೆಟ್ಟ ಕಾಣುತ್ತದೆ. ಅಂದು ಮಳೆಗೆ ಅದೂ ಕಾಣುತ್ತಿರಲಿಲ್ಲ. ಸುದ್ದಿ ತಿಳಿದ ಪಕ್ಕದ ಮನೆಯ ಐರಿಷ್ ಮುದುಕಿ ಒಂದು ತಟ್ಟೆಯಲ್ಲಿ ಸೇಬಿನ ಟಾರ್ಟ್ ತಂದು, ಗೇಟಿನ ಗೋಡೆಯ ಮೇಲಿಟ್ಟು, ದೂರದಲ್ಲೇ ಕೊಡೆ ಹಿಡಿದು ನಿಂತರು. ಸಾವಿನ ಮನೆಗೆ ಬರಿಗೈಯಲ್ಲಿ ಬರುವುದು ಇಲ್ಲಿಯ ಹಳಬರಿಗೆ ತಿಳಿಯದು.

ಮರುದಿನ ತಟ್ಟೆ ತೊಳೆದೆ. ಅಮ್ಮಮ್ಮ ಕೊಟ್ಟ ಕೊನೆಯ ಬಾಟಲಿಯಲ್ಲಿ ಹನ್ನೊಂದು ಮಿಡಿ ಉಳಿದಿದ್ದವು. "ಇನ್ನು ಇರೋದೇ ಇಷ್ಟು" ಎಂದಳು ನನ್ನ ಹೆಂಡತಿ. ಆದರೂ ತಟ್ಟೆಗೆ ನಾಲ್ಕು ಹಾಕಿದವಳು ಅವಳೇ. ಆಗ ನನಗೆ ಅಳು ಬಂತು, ಅಲ್ಲಿಯವರೆಗೆ ಬಂದಿರಲಿಲ್ಲ.

ಮುದುಕಿ ಅದನ್ನು ಆಲಿವ್ ಕಾಯಿ ಎಂದುಕೊಂಡು ಇಡಿಯಾಗಿ ಬಾಯಿಗೆ ಹಾಕಿಕೊಂಡರಂತೆ! ವಾರದ ಮೇಲೆ ತಟ್ಟೆ ಮತ್ತೆ ಬಂತು, ಮೇಲೆ ಒಂದು ಕಟ್ಟು ರೂಬಾರ್ಬ್ ದಂಟು. ಒಳ್ಳೆಯ ಹುಳಿ, ಗೊಜ್ಜು ಮಾಡಿದೆವು. ಅಮ್ಮಮ್ಮನಾದರೂ ಅದನ್ನೇ ಮಾಡುತ್ತಿದ್ದಳು.

ಬಾಟಲಿ ಈಗ ಬರಿದು. ತಟ್ಟೆ ಮಾತ್ರ ಬೇಲಿಯ ಆಚೆಗೂ ಈಚೆಗೂ ಇನ್ನೂ ಓಡಾಡುತ್ತಿದೆ. ಸಂಪಾದಕರು ಕ್ಷಮಿಸಬೇಕು, ವಿಜ್ಞಾನ ಲೇಖನ ಮುಂದಿನ ಸಂಚಿಕೆಗೆ.