ಮಕ್ಕಳಿಲ್ಲದ ಮನೆಯ ಆಟಿಕೆಗಳು

ಡಿಸೆಂಬರ್ ಬಂತು ಅಂದ್ರೆ ಓಟಿಟಿ ತುಂಬ ಹಿಮ, ಗಂಟೆ, ಕೆಂಪು ಟೋಪಿ. ಬಹುತೇಕ ಕ್ರಿಸ್‌ಮಸ್ ಸಿನಿಮಾಗಳಲ್ಲಿ ಕೊನೆಗೆ ಎಲ್ಲರೂ ಅಪ್ಪಿಕೊಂಡು ನಗ್ತಾರೆ, ನಾವೂ ನಕ್ಕು ಮರೆತುಬಿಡ್ತೀವಿ. 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಕ್ಲೌಸ್’ ಮಾತ್ರ ನನ್ನನ್ನು ಹಾಗೆ ಬಿಡಲಿಲ್ಲ. ಸ್ಪೇನಿನ ಸೆರ್ಜಿಯೊ ಪಾಬ್ಲೊಸ್ ನಿರ್ದೇಶಿಸಿದ ಈ ಅನಿಮೇಷನ್ ಚಿತ್ರ ಸಾಂತಾ ಕ್ಲಾಸ್ ಹುಟ್ಟಿಕೊಂಡ ಬಗೆಯನ್ನು ಹೇಳೋ ಕಟ್ಟುಕತೆ. ಮಕ್ಕಳಿಗೆ ಅಂತ ಹಾಕಿ, ದೊಡ್ಡವರು ಕಣ್ಣೊರೆಸಿಕೊಳ್ಳೋ ಥರದ್ದು.

ನಾಯಕ ಜೆಸ್ಪರ್ ಶುದ್ಧ ಸೋಮಾರಿ, ಅಂಚೆ ಇಲಾಖೆಯ ದೊಡ್ಡ ಸಾಹೇಬರ ಮಗ. ಅಪ್ಪ ಅವನನ್ನು ದೂರದ ಉತ್ತರದ ಸ್ಮೀರೆನ್ಸ್‌ಬರ್ಗ್ ಎಂಬ ಊರಿಗೆ ಪೋಸ್ಟ್‌ಮ್ಯಾನ್ ಮಾಡಿ ಅಟ್ಟುತ್ತಾನೆ. ಟಾರ್ಗೆಟ್: ಒಂದು ವರ್ಷಕ್ಕೆ 6000 ಕಾಗದ. ಆಗದಿದ್ದರೆ ಆಸ್ತಿ ಇಲ್ಲ. ಆ ಊರಿನಲ್ಲೋ ಎರಡು ಮನೆತನಗಳ ನಡುವೆ ತಲೆಮಾರುಗಳ ಹಗೆ. ಯಾರೂ ಯಾರಿಗೂ ಬರೆಯೋದಿಲ್ಲ. ಶತ್ರುಗಳ ಮಕ್ಕಳ ಜೊತೆ ಕೂರಬೇಕಲ್ಲ ಅಂತ ಮಕ್ಕಳನ್ನು ಶಾಲೆಗೂ ಕಳಿಸೋದಿಲ್ಲ. ಟೀಚರಮ್ಮ ಶಾಲೆಯಲ್ಲೇ ಮೀನು ಮಾರುತ್ತಿದ್ದಾಳೆ.

ಊರಾಚೆಯ ಕಾಡಿನಲ್ಲಿ ಕ್ಲೌಸ್ ಎಂಬ ಮುದುಕ ಒಬ್ಬನೇ ಇದ್ದಾನೆ. ಅವನ ಮನೆ ತುಂಬ ಕೈಯಾರೆ ಕೆತ್ತಿದ ಆಟಿಕೆಗಳು. ಆಡೋಕೆ ಒಂದು ಮಗುವೂ ಇಲ್ಲ. ಯಾಕೆ ಅನ್ನೋದು ನಮಗೆ ತಡವಾಗಿ ಗೊತ್ತಾಗುತ್ತೆ: ಅವನೂ ಹೆಂಡತಿ ಲಿಡಿಯಾಳೂ ಮಕ್ಕಳ ಕನಸು ಕಂಡಿದ್ದರು. ಆಟಿಕೆ ಬಂದವು, ಮಕ್ಕಳು ಬರಲಿಲ್ಲ. ಆಮೇಲೆ ಲಿಡಿಯಾಳೂ ಉಳಿಯಲಿಲ್ಲ.

ನನಗೆ ಹಿಡಿಸಿದ್ದು ಏನು ಗೊತ್ತಾ? ಈ ಚಿತ್ರದಲ್ಲಿ ಯಾರೂ ಕ್ಲೌಸ್‌ಗೆ ಸಮಾಧಾನ ಹೇಳೋದಿಲ್ಲ. ‘ಧೈರ್ಯ ತಗೊಳ್ಳಿ’ ಇಲ್ಲ, ‘ಕಾಲವೇ ಎಲ್ಲ ಮರೆಸುತ್ತೆ’ ಇಲ್ಲ. ಮನೆಯಲ್ಲಿ ಕೂಡಿಹಾಕಿಸಿಕೊಂಡ ಹುಡುಗನೊಬ್ಬನ ಚಿತ್ರ ಅವನ ಕೈಗೆ ಸಿಗುತ್ತೆ. ಅವನಿಗೊಂದು ಆಟಿಕೆ ಹೋಗುತ್ತೆ. ಹೊತ್ತು ಹಾಕೋನು ಜೆಸ್ಪರ್. ಅವನಿಗೆ ಬೇಕಿರೋದು ಕಾಗದದ ಲೆಕ್ಕ ಅಷ್ಟೇ. ಆಟಿಕೆ ಬೇಕಾದ್ರೆ ಪತ್ರ ಬರೀಬೇಕು, ಬರೆಯೋಕೆ ಅಕ್ಷರ ಬೇಕು, ಅಕ್ಷರಕ್ಕೆ ಶಾಲೆ ಬೇಕು. ಸ್ವಾರ್ಥದಿಂದ ಶುರುವಾದದ್ದು ಒಂದೊಂದೇ ಬಾಗಿಲು ತೆರೆಸುತ್ತಾ ಹೋಗುತ್ತೆ.

ಸಾಮಿ ಭಾಷೆ ಮಾತಾಡೋ ಪುಟ್ಟ ಹುಡುಗಿ ಮಾರ್ಗುಗೆ ಇಬ್ಬರೂ ಸೇರಿ ಹಿಮದ ಮೇಲೆ ಜಾರೋ ಬಂಡಿಯೊಂದನ್ನು ಮಾಡಿಕೊಡ್ತಾರೆ. ಅವಳ ಖುಷಿಯನ್ನು ದೂರದಿಂದ ನೋಡಿದ ಮೇಲೆಯೇ ಕ್ಲೌಸ್ ಲಿಡಿಯಾಳ ವಿಷಯ ಬಾಯಿಬಿಡೋದು. ಯಾರೂ ಒತ್ತಾಯ ಮಾಡಿ ಕೇಳಿರಲಿಲ್ಲ. ಪಕ್ಕದಲ್ಲಿ ಒಬ್ಬ ಇದ್ದ, ಅಷ್ಟೇ.

ನಮ್ಮ ಆಫೀಸುಗಳಲ್ಲಿ ಯಾರದೋ ಮನೆಯಲ್ಲಿ ಸಾವಾದರೆ ಗ್ರೂಪಿನಲ್ಲಿ ಸಾಲುಸಾಲು ಕೈಮುಗಿದ ಇಮೋಜಿ. ಕೆಲವು ದಿನ ರಜೆ. ಆಮೇಲೆ ಎಲ್ಲರಿಗೂ ಮುಜುಗರ: ಏನು ಮಾತಾಡೋದು? ಮಾತಾಡಲೇಬೇಕು ಅಂತ ಅಂದುಕೊಂಡಿರೋದೇ ತೊಂದರೆಯೇನೋ. ಅವರ ಜೊತೆ ಊಟಕ್ಕೆ ಕೂರಬಹುದು. ಬ್ಯಾಂಕಿನ ಕಾಗದಪತ್ರಕ್ಕೆ ಓಡಾಡಬಹುದು. ಖಾಲಿಯಾದ ಕೋಣೆಯ ಕಪಾಟು ತೆಗೆಯೋ ದಿನ ಜೊತೆಗಿರಬಹುದು.

ಚಿತ್ರದಲ್ಲಿ ಹಳಸಿದ ಭಾಗವೂ ಇದೆ. ಕೊನೆಯ ಚೇಸು ಎಲ್ಲೆಲ್ಲೋ ನೋಡಿದ್ದೇ. ಆದರೆ ಕ್ಲೌಸ್‌ನ ದುಃಖವನ್ನು ವಾಸಿಮಾಡಿ ಮುಗಿಸೋ ಆತುರ ಅದಕ್ಕಿಲ್ಲ. ಲಿಡಿಯಾ ಇಲ್ಲದ್ದು ಇಲ್ಲದ್ದೇ. ಕಪಾಟಿನ ಆಟಿಕೆಗಳು ಮಾತ್ರ ಖಾಲಿಯಾಗಿವೆ, ಮುದುಕ ಇನ್ನಷ್ಟು ಕೆತ್ತೋಕೆ ಕೂತಿದ್ದಾನೆ.