ಜೋಳದ ಸೀಮೆಯಲ್ಲಿ

ಕಳೆದ ಪುಷ್ಯಮಾಸದಲ್ಲಿ ನಾವು ವಿಜಯಪುರಕ್ಕೆ ಹೋಗಿದ್ದೆವು. ಗೋಳಗುಮ್ಮಟವನ್ನು ನೋಡುವುದು ನೆಪ. ನಿಜವಾದ ಕಾರಣವು ಬೇರೆಯಾಗಿದ್ದಿತು. ನಮ್ಮ ಎಂಟು ವರ್ಷದ ಮಗಳು ಬೆಳವಣಿಗೆಯಿಲ್ಲದೆ, ರಕ್ತಹೀನತೆಯಿಂದ ಬಿಳಿಚಿಕೊಂಡು, ಉಂಡೊಡನೆ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದಳು. ರಕ್ತವನ್ನೂ ಸಣ್ಣ ಕರುಳಿನ ಒಳಪೊರೆಯನ್ನೂ ಪರೀಕ್ಷಿಸಿದ ಮೇಲೆ ಅದು ಸೀಲಿಯಾಕ್ ರೋಗವೆಂದು ತಿಳಿಯಿತು. (ಪರೀಕ್ಷೆಗಳು ಮುಗಿಯುವ ತನಕ ಗೋಧಿಯನ್ನು ಬಿಡಿಸಕೂಡದೆಂದು ವೈದ್ಯರು ಎಚ್ಚರಿಸಿದ್ದರು, ಮೊದಲೇ ಬಿಡಿಸಿದರೆ ರೋಗವು ಪರೀಕ್ಷೆಗೆ ಸಿಕ್ಕದೆ ಹೋಗಬಹುದು.) ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲೂಟೆನ್ ಎಂಬ ಜಿಗುಟು ಸತ್ತ್ವವು ಇಂಥವರ ಕರುಳನ್ನು ಕೆಡಿಸುವುದು. ಇದಕ್ಕೆ ಪಥ್ಯವೇ ಔಷಧ, ಅದೂ ಜೀವಮಾನ ಪರ್ಯಂತ.

ಅಕ್ಕಿಯುಣ್ಣುವ ನಮಗೆ ಇದೇನು ಮಹಾ ಎಂದುಕೊಂಡೆವು. ತಿಂಗಳೊಳಗೆ ಆ ಗರ್ವವಿಳಿಯಿತು. ಉಪ್ಪಿಟ್ಟಿನ ರವೆಯೂ ಗೋಧಿ, ಪಾಯಸದ ಶಾವಿಗೆಯೂ ಗೋಧಿ, ಅಂಗಡಿಯ ಇಂಗಿನ ಡಬ್ಬಿಯಲ್ಲಿಯೂ ಮೈದಾ! ಉಳಿದವರೆಲ್ಲರಿಗೆ ಚಪಾತಿ, ಮಗುವಿಗೆ ಬೇರೆ ಪಾತ್ರೆ, ಬೇರೆ ತಟ್ಟೆ. “ನನಗೊಬ್ಬಳಿಗೇ ಯಾಕಮ್ಮ?” ಎಂದು ಅವಳು ಕೇಳಿದಂದೇ, ಎಲ್ಲರೂ ಜೋಳವನ್ನುಣ್ಣುವ ಸೀಮೆಯೊಂದನ್ನು ಅವಳಿಗೆ ತೋರಿಸಬೇಕೆಂದು ನಿಶ್ಚಯಿಸಿದೆವು.

ಬೆಳಗಿನ ಜಾವ ಗಾಡಿಯು ಆಲಮಟ್ಟಿಯ ಬಳಿ ಕೃಷ್ಣೆಯನ್ನು ದಾಟಿತು. ಮುಂದೆ ಎರಡು ಕಡೆಯೂ ಎರೆಭೂಮಿ. ಮಳೆಗಾಲದಲ್ಲಿ ಒಡಲಲ್ಲಿಟ್ಟುಕೊಂಡ ತೇವದಿಂದಲೇ ಹಿಂಗಾರಿ ಜೋಳವನ್ನು ಸಾಕುವ ಕರಿಯ ಮಣ್ಣು. ತೆನೆಗಳನ್ನು ನೋಡುತ್ತಿರುವಾಗ ವೈದ್ಯರು ಹೇಳಿದ್ದ ಸಂಗತಿಯೊಂದು ನೆನಪಾಯಿತು. ಹಾಲೆಂಡಿನ ಮಕ್ಕಳ ವೈದ್ಯರಾದ ವಿಲೆಂ ಡಿಕೆಯವರಿಗೆ ಯುದ್ಧಕ್ಕೆ ಮುಂಚಿನಿಂದಲೂ ಗೋಧಿಯ ಮೇಲೆ ಸಂಶಯವಿದ್ದಿತು. 1944–45ರ ಚಳಿಗಾಲದ ಕ್ಷಾಮದಲ್ಲಿ ಅಲ್ಲಿ ಬ್ರೆಡ್ಡು ದುರ್ಲಭವಾಯಿತು. ಊರೆಲ್ಲ ಸೊರಗಿದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಬಂದೊಡನೆ ಮರಳಿ ಕಾಯಿಲೆ ಬಿದ್ದರು. 1950ರಲ್ಲಿ ಅವರು ತಮ್ಮ ಮಹಾಪ್ರಬಂಧವನ್ನು ಬರೆದರು. ಬೇರೆಯವರ ಹಸಿವಿನಿಂದ ನಮ್ಮ ಮಗುವಿನ ಪಥ್ಯವು ತಿಳಿದುಬಂದಿತೆಂಬುದು ವಿಚಿತ್ರವೇ ಸರಿ.

ಗುಮ್ಮಟದ ವರ್ಣನೆ ಇಲ್ಲಿ ಬೇಡ. ಮಗಳು ಪಿಸುಗುಟ್ಟುವ ಮೊಗಸಾಲೆಯಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಕೇಳಿ ಆನಂದಪಟ್ಟಳು, ಕೆಳಗಿಳಿಯುವಷ್ಟರಲ್ಲಿ ಹಸಿದಿದ್ದಳು.

ಗಲ್ಲಿಯೊಳಗಿನ ಒಂದು ಸಣ್ಣ ಖಾನಾವಳಿಯಲ್ಲಿ ವೃದ್ಧೆಯೊಬ್ಬರು ರೊಟ್ಟಿ ಬಡಿಯುತ್ತಿದ್ದರು. ಗೋಧಿಯ ಕಣಕವನ್ನು ಹಿಡಿದಿಡುವುದು ಆ ಜಿಗುಟು ಸತ್ತ್ವವೇ. ಜೋಳದಲ್ಲಿ ಅದಿಲ್ಲವಾದುದರಿಂದ ಕುದಿನೀರು ಹಾಕಿ ನಾದಿ, ಅಂಗೈಯಿಂದಲೇ ಬಡಿದು ಅಗಲಿಸಬೇಕು. ಆ ಸಪ್ಪಳವೇ ನಮ್ಮ ಮಗುವಿಗೆ ಅಭಯವೆಂದು ಭಾವಿಸಿ ಕುಳಿತೆವು. ಆದರೂ ರೂಢಿಯಂತೆ ವಿಚಾರಿಸಿದೆವು.

“ಪಲ್ಲ್ಯಾಕ ಇಂಗು ಹಾಕಿಲ್ರಿ. ಬಳ್ಳೊಳ್ಳಿ ಇದ್ದ ಮ್ಯಾಲ ಇಂಗ್ಯಾಕ್ರಿ?” ಎಂದರು. ಹಿಟ್ಟೆಲ್ಲಿಯದೆಂದು ಕೇಳಿದಾಗ, “ಗಿರಣ್ಯಾಗ ಬೀಸಿಸಿದ್ದರಿ ಅಕ್ಕಾರ. ಗೋಧಿ ಮುಗದ ಮ್ಯಾಲ ಜ್ವಾಳ ಹಾಕ್ತಾರ.”

ಕೈ ತಡೆಯಿತು. ನಮ್ಮ ದೇಶದಲ್ಲಿ ಗ್ಲೂಟೆನ್ ಇಲ್ಲದ ಪದಾರ್ಥವೆಂದು ಮಾರಬೇಕಾದರೆ, ಒಂದು ಕಿಲೋ ಪದಾರ್ಥದಲ್ಲಿ ಅದು 20 ಮಿಲಿಗ್ರಾಮನ್ನು ಮೀರಕೂಡದು. ಗಿರಣಿಯ ಕಲ್ಲಿಗಂಟಿದ ಗೋಧಿಹಿಟ್ಟು ಇದಕ್ಕೆಷ್ಟೋ ಹೆಚ್ಚಾದೀತು. ಎದುರಿಗೆ ಹಬೆಯಾಡುವ ರೊಟ್ಟಿ, ಎಣ್ಣೆಗಾಯಿ. ಮಗು ನಮ್ಮ ಮುಖವನ್ನು ನೋಡುತ್ತಿದ್ದಳು. ಅವಳ ತಾಯಿ ನಡುಗುವ ದನಿಯಲ್ಲಿ ವಿಷಯವನ್ನೆಲ್ಲ ತಿಳಿಸಿದಳು.

ವೃದ್ಧೆಯು ಬೇಸರಪಡಲಿಲ್ಲ. “ತಡೀರಿ,” ಎಂದು ಒಳಗಿನಿಂದ ಬೀಸುಕಲ್ಲನ್ನು ಉರುಳಿಸಿಕೊಂಡು ಬಂದರು. “ನಮ್ಮತ್ತಿ ಕಲ್ಲರಿ ಇದು. ಬ್ಯಾಳಿ ಒಡ್ಯಾಕಷ್ಟ ಇಟ್ಟೀವಿ. ಗೋಧಿ ಕಂಡಿಲ್ಲ.” ಜೋಳವನ್ನು ಮೊರದಲ್ಲಿ ಕೇರಿ, ಗೋಧಿಯ ಕಾಳೊಂದೂ ಇಲ್ಲವೆಂದು ನೋಡಿ, ಗೂಟವನ್ನು ಹಿಡಿದರು. ಮಗಳೂ ಒಂದು ಕೈ ಹಾಕಿದಳು. ಜರಡಿಗೆ ಬದಲಾಗಿ ಒಗೆದ ಬಟ್ಟೆ, ಚಪಾತಿ ಕಾಣದ ಮಣ್ಣಿನ ಹಂಚು. ಮುಕ್ಕಾಲು ಗಂಟೆಯಾಯಿತು. ರೊಟ್ಟಿ ಒರಟಾಗಿದ್ದಿತು, ಅಂಚು ಬಿರಿದಿದ್ದಿತು. ನಾವೆಲ್ಲರೂ ಅದನ್ನೇ ಉಂಡೆವು. ವೃದ್ಧೆಯೂ ಒಂದನ್ನು ಮುರಿದುಕೊಂಡು ಮಗುವಿನ ಪಕ್ಕದಲ್ಲಿ ಕುಳಿತರು. ಹಣವನ್ನು ಮಾತ್ರ ಮೂರು ಊಟದ್ದಷ್ಟೇ ತೆಗೆದುಕೊಂಡರು.

ಮರುದಿನ ಸಂತೆಯಲ್ಲಿ ಬಿಳಿಜೋಳವನ್ನೂ ಹೊಸ ಬೀಸುಕಲ್ಲೊಂದನ್ನೂ ಕೊಂಡೆವು. ಅದನ್ನು ಗಾಡಿಗೇರಿಸುವಾಗ ಹಮಾಲನು ನಮ್ಮ ಬುದ್ಧಿಯ ವಿಷಯವಾಗಿ ಏನೋ ಗೊಣಗಿದನು. ಮಗಳು ರಾತ್ರಿಯೆಲ್ಲ ಅದರ ಮೇಲೆ ಕಾಲಿಟ್ಟುಕೊಂಡು ಮಲಗಿದಳು, ಯಾರಾದರೂ ಅದಕ್ಕೆ ಗೋಧಿ ಹಾಕಿಬಿಟ್ಟಾರೆಂದು.