ದಾರಿಗಡ್ಡ ಬಿದ್ದ ಮರ

ವೈಶಾಖದ ಬಿಸಿಲಿಗೆ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರೆನೆಲವು ಬಿರಿದು ಬಾಯ್ದೆರೆದಿರುವುದನ್ನು ವಾಚಕರು ಬಲ್ಲರು. ಆ ಕಾಲದ ಅಡ್ಡಮಳೆಯು ಮುಂದಾಗಿ ಗಾಳಿಯನ್ನೇ ಕಳುಹುವುದು. ಮುಗಿಲೊಳಗಿನ ತಣ್ಣನೆಯ ಗಾಳಿಯು ಕೆಳಕ್ಕೆ ಧುಮುಕಿ, ಧೂಳೆಬ್ಬಿಸಿ, ತಡೆಯಿಲ್ಲದ ಬಯಲಿನ ಮೇಲೆ ಹಾಯುವಾಗ ಅದರ ಕೈಗೆ ಸಿಕ್ಕುವುವು ಬದುವಿನ ಬೇವು, ಜಾಲಿ, ಹುಣಿಸೆಗಳು ಮಾತ್ರ. ಅವುಗಳ ಹೊಲದ ಕಡೆಯ ಬೇರುಗಳನ್ನು ಹಿಂದೆ ನೇಗಿಲು ಹರಿಯುತ್ತಿತ್ತು, ಇಂದು ಟ್ರಾಕ್ಟರು ಹರಿಯುತ್ತದೆ. ಆದುದರಿಂದ ಹೊಲದ ಮೇಲಿನಿಂದ ಬಂದ ಗಾಳಿಗೆ ಮರವು ದಾರಿಗೇ ಒರಗುವುದು.

ಹೆದ್ದಾರಿಯಲ್ಲಿ ಬಿದ್ದುದನ್ನು ಸರಕಾರದ ಆಳುಗಳು ತೆಗೆಯುವರು. ಚಕ್ಕಡಿಯ ದಾರಿಗೆ ಆ ಭಾಗ್ಯವೆಲ್ಲಿಯದು? ಎರಡು ದಿನಗಳಲ್ಲಿ ಬಡ ಹೆಂಗಸರು ಟೊಂಗೆಗಳನ್ನು ಒಲೆಗೆ ಒಯ್ಯುವರು. ಬೊಡ್ಡೆ ಮಾತ್ರ ಉಳಿಯುವುದು. ಆಗ 'ಗಿಡ ಯಾರದು?' ಎಂಬ ವಾದವು ಹುಟ್ಟುವುದು. (ಈ ಕಡೆಯಲ್ಲಿ ಎಷ್ಟೇ ಹೆಮ್ಮರವಾದರೂ ಅದು ಗಿಡವೇ.) ಬದು ತನ್ನದೆಂದು ಒಬ್ಬನು, ಅರ್ಧ ತನ್ನದೆಂದು ಇನ್ನೊಬ್ಬನು. ಕೊಡಲಿಯಿಟ್ಟರೆ ಅಪರಾಧವಾದೀತೆಂಬ ಅಂಜಿಕೆ ಇಬ್ಬರಿಗೂ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯದೆಯು ಅನೇಕ ಮರಗಳನ್ನು ಕಡಿಯಲು ಅಪ್ಪಣೆ ಬೇಕೆನ್ನುವುದು ನಿಜ. ಆದರೆ ಗಾಳಿಗೆ ಬಿದ್ದ ಮರಕ್ಕೂ ಸಂಚಾರಕ್ಕೆ ಅಡ್ಡಿಯಾದ ಮರಕ್ಕೂ ಆ ಅಪ್ಪಣೆಯನ್ನು ನಿರಾಕರಿಸಬಾರದೆಂದೂ ಅದೇ ಕಾಯದೆಯಲ್ಲಿದೆ. ಮೊದಲಿನ ಮಾತು ಹಳ್ಳಿಗಳಿಗೆಲ್ಲ ತಲುಪಿತು, ಎರಡನೆಯದು ತಲುಪಲಿಲ್ಲ.

ಇಷ್ಟರೊಳಗೆ ರೋಹಿಣಿ ಹೋಗಿ ಮೃಗಶಿರೆ ಬರುವುದು. ಹೆಸರು ಬಿತ್ತಲು ನೆಲದ ಹದವು ವ್ಯಾಜ್ಯ ತೀರುವವರೆಗೆ ಕಾಯುವುದಿಲ್ಲ. ಕೂರಿಗೆ ಹೇರಿದ ಚಕ್ಕಡಿಯು ಮಗ್ಗುಲ ಹೊಲಕ್ಕಿಳಿದು ಬಳಸಿ ಹೋಗುವುದು. ಆ ಹೊಲವಾದರೋ ಬಹುಶಃ ವಾದಿಸುತ್ತಿರುವ ಇಬ್ಬರದೂ ಅಲ್ಲ, ಬಾಯಿಲ್ಲದ ಮೂರನೆಯವನದು. ಹಸಿಯೆರೆಯಲ್ಲಿ ಮೊದಲ ಗಾಲಿ ಕೊರೆದ ಜಾಡನ್ನೇ ಹಿಂದಿನವರೆಲ್ಲ ಹಿಡಿಯುವರು. ಮೊಳೆತ ಬೆಳೆಯು ಗಾಲಿಯಡಿ ಅರೆಯುವುದು. ವಾದಿಗಳು ಯಾರ ಕಟ್ಟಿಗೆ ಯಾರಿಗೆಂಬುದನ್ನು ಬಿತ್ತಿಗೆಯ ತರುವಾಯ ನಿರ್ಣಯಿಸಿಕೊಳ್ಳಲಿ. ಬಿದ್ದ ಸಂಜೆಯೇ ನಾಲ್ವರು ಹಿರಿಯರು ಪಂಚರಾಗಿ ನಿಂತು, ಎತ್ತುಗಳನ್ನು ಹೂಡಿಸಿ, ಬೊಡ್ಡೆಯನ್ನು ಕಡಿಯದೆಯೇ ಮಗ್ಗುಲಿಗೆ ಎಳೆಸಬಾರದೆ?

ಹಾಗಾಗದ ಕಡೆ ಹಳೆಯ ದಾರಿಯು ಸರ್ವೆ ನಕಾಶೆಯಲ್ಲಿ ನೆಟ್ಟಗಿದ್ದು, ನೆಲದ ಮೇಲೆ ಜಾಲಿಯ ಪೊದೆಯಾಗುವುದು. ಬೊಡ್ಡೆ ಗೆದ್ದಲಿಗೆ ಮುಗಿದ ಮೇಲೂ ಚಕ್ಕಡಿಗಳು ಅಲ್ಲಿ ಬಳಸಿಯೇ ಹೋಗುತ್ತವೆ. ಏಕೆಂದು ಕೇಳಿದರೆ ಎತ್ತು ಹೊಡೆಯುವ ಹುಡುಗನಿಗೆ ತಿಳಿಯದು.